ಹುಲಿಕಲ್ಲಿನ ನಾಯಿ

ಪತ್ರಿಕೆ ಅಚ್ಚಾಗಿ ಬಂದ ದಿನವಾದರೂ ಸಂಪಾದಕರು ಒಂದು ಗಳಿಗೆ ಕೂತು ಉಸಿರು ಬಿಡಬೇಕು. ಭವ್ಯಳಿಗೆ ಅದು ಬರುವುದಿಲ್ಲ. ಬಂಡಲಿನ ದಾರ ಬಿಚ್ಚುವ ತಾಳ್ಮೆಯಿಲ್ಲದೆ ಹಲ್ಲಲ್ಲಿ ಕಚ್ಚಿ ಎಳೆದಳು. ಮೇಲಿನ ಪ್ರತಿ ತೆಗೆದು ಹಿಂದಿನಿಂದ ಮುಂದಕ್ಕೆ ತಿರುವಿದಳು, ಪುಟಸಂಖ್ಯೆ ನೋಡಿದಳು, ಬೆನ್ನಿನ ಪಿನ್ನು ನೋಡಿದಳು, ಮೂಸಿಯೂ ನೋಡಿದಳು. ಆಮೇಲೆ, "ಥೂ, ಇಲ್ಲೊಂದು ದೀರ್ಘ ಬಿಟ್ಟೋಗದೆ" ಎಂದು ಹಣೆ ಬಡಿದುಕೊಂಡಳು. ಪಕ್ಕದಲ್ಲಿದ್ದ ದೀಪಳಿಗೆ ನಗು ತಡೆಯಲಾಗಲಿಲ್ಲ.

"ಅಕ್ಕಾ, ಒಸಿ ಕೂತ್ಕೋ. ಪುಸ್ತಕ ಎಲ್ಲೂ ಓಡೋಗಲ್ಲ" ಎಂದಳು.

ಕೂರುವುದೇ! ಬಸ್ಸು ನಿಲ್ಲುವ ಮೊದಲೇ ಇಳಿಯುವ ಹುಡುಗಿ ಅವಳು. ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ದಿನಾ ಬರುವ ಬಸ್ಸಿನ ಕಂಡಕ್ಟರು ಅವಳನ್ನು ಕಂಡರೆ ಮೊದಲೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

ಪತ್ರಿಕೆಯ ಹೆಸರು 'ಉಳಿಗುರುತು'. ಕೊಳ್ಳೇಗಾಲದ ಡಿಗ್ರಿ ಕಾಲೇಜೊಂದರಲ್ಲಿ ಬಿ.ಎ. ಓದುವ ಮಕ್ಕಳೇ ನಡೆಸುವ ಕಲಾ ಇತಿಹಾಸದ ಪತ್ರಿಕೆ ಅದು. ಬರೆಯುವವರು, ತಿದ್ದುವವರು, ಫೋಟೋ ಹಿಡಿಯುವವರು, ಡಿಟಿಪಿ ಅಂಗಡಿಯವನ ತಲೆ ತಿನ್ನುವವರು ಎಲ್ಲರೂ ಅವರೇ. ಇತಿಹಾಸದ ಮೇಷ್ಟ್ರು ಶಿವರುದ್ರಸ್ವಾಮಿಯವರು ಹೆಸರಿಗೆ ಸಲಹೆಗಾರರು. ಅವರಿಂದ ಇಷ್ಟು ದಿನಕ್ಕೆ ಬಂದ ಸಲಹೆ, "ಜಗಳ ಮಾಡ್ಕೋಬೇಡ್ರಮ್ಮ" ಎಂಬುದೊಂದೇ. ಕೊನೆಯ ವರ್ಷದ ಭವ್ಯ ಸಂಪಾದಕಿ. ಹನೂರಿನಾಚೆ ಕಾಡಂಚಿನ ಹೂಗ್ಯಂನಿಂದ ಬಂದು ಹಾಸ್ಟೆಲಿನಲ್ಲಿರುವ ದೀಪ, ಫೋಟೋ ಮತ್ತು ಪುಟವಿನ್ಯಾಸದವಳು. ಯಳಂದೂರಿನ ಬಳೆ ಮಂಟಪದ ಬಗ್ಗೆ ಯಾರಾದರೂ ಲೇಖನ ಕೊಟ್ಟರೆ ಭವ್ಯ ಓದದೆಯೇ ವಾಪಸು ಕೊಡುತ್ತಿದ್ದಳು. "ಅದರ ಬಗ್ಗೆ ಎಲ್ರೂ ಬರ್ದವ್ರೆ. ನಿಮ್ಮೂರಲ್ಲಿ ಬಟ್ಟೆ ಒಗೆಯೋ ಕಲ್ಲು ಮಗುಚಿ ನೋಡ್ರೋ ಮೊದ್ಲು" ಅನ್ನುತ್ತಿದ್ದಳು.

ಈ ಸಲದ ಮುಖ್ಯ ಲೇಖನ ಹಾಗೇ ಹುಟ್ಟಿದ್ದು. ಬರೆದವಳು ಎರಡನೇ ವರ್ಷದ ಕೋಮಲ, ಧನಗೆರೆಯವಳು. ಅವರ ಹೊಲದಲ್ಲೊಂದು ವೀರಗಲ್ಲಿದೆ. ಊರವರು ಹುಲಿಕಲ್ಲು ಅನ್ನುತ್ತಾರೆ. ದನ ಹಿಡಿಯಲು ಬಂದ ಹುಲಿಯನ್ನು ತಿವಿದು ತಾನೂ ಸತ್ತ ಒಬ್ಬ ಹಿರಿಯನ ಕಲ್ಲು. ಮೇಲೆ ಆತ ಲಿಂಗದ ಮುಂದೆ ಕೂತಿದ್ದಾನೆ, ನಡುವೆ ಹುಲಿಯೊಂದಿಗೆ ಸೆಣಸುತ್ತಿದ್ದಾನೆ, ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿದಂತೆ, ಒಂದು ನಾಯಿ ಹುಲಿಯ ಹಿಂಗಾಲು ಕಚ್ಚಿ ಎಳೆಯುತ್ತಿದೆ. ಕೋಮಲಳ ವಾದವೆಲ್ಲ ಆ ನಾಯಿಯದು. ವೀರನ ಮುಖ ಒರಟಾಗಿದೆ, ಹುಲಿಗೆ ಪಟ್ಟೆಯೇ ಸರಿಯಿಲ್ಲ. ನಾಯಿಗೆ ಮಾತ್ರ ಕೊರಳಲ್ಲಿ ಗೆಜ್ಜೆಪಟ್ಟಿ, ನಿಮಿರಿದ ಕಿವಿ, ಊರಿದ ಕಾಲಿನ ಉಗುರು ಸಹ ಬಿಡಿಬಿಡಿಯಾಗಿ ಕೊರೆದಿದೆ. ಕಲ್ಲು ಕೆತ್ತಿದವನಿಗೆ ಯಾರ ಮೇಲೆ ಪ್ರೀತಿಯಿತ್ತು ಅನ್ನುವುದು ಉಳಿಯ ಗುರುತಿನಲ್ಲೇ ಗೊತ್ತಾಗುತ್ತದೆ ಎಂದು ಅವಳು ಬರೆದಿದ್ದಳು.

ಆ ನಾಯಿಯನ್ನು ಅವಳಿಗೆ ತೋರಿಸಿಕೊಟ್ಟಿದ್ದು ಓದು ಅಲ್ಲ, ಅವಳಜ್ಜಿ ದೊಡ್ಡಬಸಮ್ಮನ ಅಭ್ಯಾಸ. ಪ್ರತಿವರ್ಷ ಹೊಸ ರಾಗಿ ಬೀಸಿದ ದಿನ, ಆ ಮನೆಯ ಮೊದಲ ಮುದ್ದೆಯ ಮೊದಲ ತುತ್ತು ನಾಯಿಯ ಬಾಯಿಗೆ. ಅಜ್ಜಿ ಹೊಲಕ್ಕೆ ಹೋಗಿ ಕೂತು, ತುತ್ತು ಮುರಿದು, ಕಲ್ಲಿನ ಆ ಪುಟ್ಟ ಬಾಯಿಗೆ ಮೆತ್ತಿ ಬರಬೇಕು. ಆಮೇಲೇ ಮನೆಯವರ ಊಟ. ಅವರತ್ತೆಯೂ ಹಾಗೇ ಮಾಡುತ್ತಿದ್ದರಂತೆ. ಭವ್ಯ ಈ ಭಾಗ ಓದಿದಾಗ ಎದ್ದು ಲೈಬ್ರರಿಯ ಉದ್ದಕ್ಕೂ ಓಡಾಡಿದ್ದಳು. ಇಷ್ಟು ಒಳ್ಳೆಯ ಲೇಖನ ತನ್ನ ಕೈಗೆ ಬಂತಲ್ಲ ಎಂಬ ಸಂತೋಷಕ್ಕೆ ಅವಳಿಗೆ ಕೂರಲಾಗಿರಲಿಲ್ಲ.

ಹೀಗಿದ್ದ ಲೇಖನಕ್ಕೆ ಸಂಪಾದಕಿ ಕೈ ಹಾಕದೆ ಬಿಟ್ಟಾಳೆಯೇ. ಚಿತ್ರದ ಅಡಿಯಲ್ಲಿ ಕೋಮಲ, 'ಹುಲಿಕಲ್ಲು, ನಮ್ಮ ಹೊಲ, ಧನಗೆರೆ' ಎಂದು ಬರೆದಿದ್ದಳು. ಭವ್ಯ 'ನಮ್ಮ' ಎಂಬುದನ್ನು ಕೆಂಪು ಪೆನ್ನಿನಲ್ಲಿ ಹೊಡೆದಳು. ಹಳೆಯ ಶಾಸನ ಸಂಪುಟಗಳಲ್ಲಿ ಪ್ರತಿ ಕಲ್ಲಿಗೂ, ಇಂಥ ಊರಿನ ಇಂಥವರ ಹೊಲದಲ್ಲಿ ನಿಂತಿರುವುದು ಎಂದು ಬರೆದಿರುತ್ತಾರೆ. 'ಉಳಿಗುರುತು' ಕೂಡ ಹಾಗೇ ಬರೆಯಬೇಕು ಅನ್ನುವುದು ಅವಳ ನಿಯಮ. ನಿಯಮವೆಂದರೆ ಅವಳಿಗೆ ಜ್ವರದಂಥ ಹುಚ್ಚು.

"ನಮ್ಮ ಅಂದ್ರೆ ಯಾರದು ಅಂತ ಓದೋರಿಗೆ ಗೊತ್ತಾಯ್ತದಾ? ನಿಮ್ಮಪ್ಪಾಜಿ ಹೆಸರೇನು?" ಎಂದು ಕೇಳಿದ್ದಳು.

"ಕೆಂಪನಂಜಪ್ಪ. ಆದ್ರೆ ಅಕ್ಕ, ನಮ್ಮ ಅಂತಲೇ ಇರ್ಲಿ..."

"ಆಗಲ್ಲ ಕಣೇ" ಎಂದು ಭವ್ಯ ಮುಂದಿನ ಪುಟ ತಿರುವಿಬಿಟ್ಟಿದ್ದಳು. ಹುಡುಗಿ ಏನೋ ಹೇಳಲು ಬಾಯಿ ತೆರೆದದ್ದನ್ನು ನೋಡುವ ಪುರುಸೊತ್ತು ಅವಳಿಗೆಲ್ಲಿತ್ತು. 'ಹುಲಿಕಲ್ಲು, ಕೆಂಪನಂಜಪ್ಪನವರ ಹೊಲ, ಧನಗೆರೆ' ಎಂದೇ ಅಚ್ಚಾಯಿತು.

ಬಿಡುಗಡೆಗೆ ಮೊದಲೇ ಕೋಮಲ ಒಂದು ಪ್ರತಿ ಮನೆಗೆ ಒಯ್ದಳು. ಕೆಂಪನಂಜಪ್ಪ ಸಾಧು ಮನುಷ್ಯ. ಮಗಳ ಹೆಸರೂ ತನ್ನ ಹೆಸರೂ ಒಂದೇ ಪುಟದಲ್ಲಿ ಅಚ್ಚಾದ ಖುಷಿಗೆ ಪತ್ರಿಕೆಯನ್ನು ಟೀ ಅಂಗಡಿಗೆ ಹಿಡಿದುಕೊಂಡು ಹೋಗಿ, ಓದು ಬರುವವರಿಗೂ ಬಾರದವರಿಗೂ ತೋರಿಸಿದ. ಹಾಗೆ ಅದು ಅವನ ತಮ್ಮ ಶಿವಕುಮಾರಸ್ವಾಮಿಯ ಕಣ್ಣಿಗೆ ಬಿತ್ತು. ಅಣ್ಣತಮ್ಮಂದಿರ ನಡುವೆ ಆ ವರ್ಷ ಹೊಲ ಭಾಗವಾಗುವ ಮಾತು ನಡೆದಿತ್ತು. ಎಲ್ಲ ಒಪ್ಪಿಗೆಯಾಗಿ, ಒಂದೇ ಒಂದು ಪಟ್ಟಿ ನೆಲ ಯಾರ ಕಡೆ ಸೇರಬೇಕೆಂಬುದರಲ್ಲಿ ನಿಂತಿತ್ತು. ಹುಲಿಕಲ್ಲು ಇದ್ದುದು ಆ ಪಟ್ಟಿಯಲ್ಲೇ.

ಮಾರನೆಯ ದಿನ ಶಿವಕುಮಾರಸ್ವಾಮಿಯ ಬೈಕು ಕಾಲೇಜಿನ ಅಂಗಳಕ್ಕೆ ಬಂತು. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಸುರುಳಿ ಸುತ್ತಿದ 'ಉಳಿಗುರುತು'. ಹಿಂದೆ ಕೋಮಲ ಓಡಿಬಂದಳು.

"ಯಾರವ್ವ ಇಲ್ಲಿ ಎಡಿಟರು?"

"ನಾನೇ ಸಾ" ಎಂದಳು ಭವ್ಯ.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೀಸೆ ಬಂದ ಯಾರನ್ನೋ ಹುಡುಕಿಕೊಂಡು ಬಂದಿದ್ದನೆಂದು ಕಾಣುತ್ತದೆ. "ಈ ಸಾಲು ಬರ್ದೋರು ನೀವಾ? ಯಾರ್ ಒಲ ಅದು?"

"ಕಲ್ಲು ಎಲ್ಲದೆ ಅಂತ ಗುರ್ತಿಗೆ ಬರ್ದಿರೋದು ಸಾ. ಅದೇನು ಒಲದ ಪತ್ರ ಅಲ್ಲ."

"ನಾಳೆ ನಾಕ್ ಜನ ಕೂತಾಗ ನಮ್ಮಣ್ಣ ಇದ್ನೇ ಮುಂದಿಟ್ರೆ? ಕಾಲೇಜೋರೇ ಬರ್ದವ್ರೆ ಕಣ್ರಪ್ಪ ಅಂದ್ರೆ? ಅಚ್ಚಾದ ಮಾತಿಗೆ ಎದುರಾಡಾಕಾದದಾ ನೀವೇ ಏಳಿ."

ಅಚ್ಚಾದ ಮಾತು ನಿಲ್ಲುತ್ತದೆ, ಅದಕ್ಕೇ ಎಚ್ಚರದಿಂದ ಬರೆಯಬೇಕು ಎಂದು ಅದೇ ಸಂಚಿಕೆಯ ಸಂಪಾದಕೀಯದಲ್ಲಿ ಭವ್ಯಳೇ ಬರೆದಿದ್ದಳು. ಅಲ್ಲೇ ನಿಂತಿದ್ದ ಶಿವರುದ್ರಸ್ವಾಮಿಯವರು "ಜಗಳ ಬೇಡ ಬುದ್ದಿ" ಎಂದು ಹೇಳಿ ತಮ್ಮ ಸಲಹೆಯನ್ನು ಮುಗಿಸಿದರು.

"ನಂಗೂ ಜಗಳ ಬೇಡ ಸಾ. ಬಿಡುಗಡೆ ಆಗಾಕ್ ಮುಂಚೆ ಆ ಎಸ್ರು ಓಗ್ಬೇಕು. ಇಲ್ದಿದ್ರೆ ಜೆಸಿಬಿ ತರ್ಸಿ ಕಲ್ಲು ಕೀಳ್ಸಿ ನನ್ ಕಡೆ ನಿಲ್ಸ್ಕತ್ತೀನಿ. ಆಮೇಲೆ ಯಾರ್ ಒಲ ಅಂತ ಬರ್ಕಳಿ" ಎಂದು ಅವನು ಪತ್ರಿಕೆಯನ್ನು ಭವ್ಯಳ ಕೈಗೆ ತುರುಕಿ ಬೈಕು ಹತ್ತಿದ.

ಬೈಕು ಗೇಟು ದಾಟುತ್ತಿದ್ದಂತೆ ಕೋಮಲ ಅತ್ತುಬಿಟ್ಟಳು. "ಚಿಕ್ಕಪ್ಪಾಜಿ ಅಂದಂಗೆ ಮಾಡೋರೇ ಅಕ್ಕ. ಕಲ್ಲಿನ ಬುಡ ಬಿರುಕು ಬಿಟ್ಟದೆ. ಕಿತ್ರೆ ನಾಯಿ ಉಳಿಯಲ್ಲ. ಅಜ್ಜಿ ಎಲ್ಲಿಗೆ ತುತ್ತು ಇಕ್ಕದು?"

ಭವ್ಯಳಿಗೆ ಸಿಟ್ಟು ಬಂತು. ಆ ಮನುಷ್ಯನ ಮೇಲೆ, ಅವನಣ್ಣನ ಟೀ ಅಂಗಡಿಯ ಮೇಲೆ, ತನ್ನ ಕೆಂಪು ಪೆನ್ನಿನ ಮೇಲೆ. ಆ ಹೊಲದವರ ಒಂದು ಗೆರೆಗಾಗಿ ತನ್ನ ಪತ್ರಿಕೆ ಬಗ್ಗಬೇಕೇ ಎಂದು ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಮೂರನೆಯ ಸುತ್ತಿಗೆ ಕೋಮಲಳ ಮುಖ ಕಂಡಿತು. ಕಲ್ಲು ಉಳಿಯದೆ ಲೇಖನ ಮಾತ್ರ ಉಳಿದರೆ ಏನು ಸುಖ? "ಆಯ್ತು, ಚೀಟಿ ಅಂಟ್ಸಮ. ನೀನು ಊರ್ಗೆ ಓಗಿ ನಿಮ್ ಚಿಕ್ಕಪ್ಪನ್ಗೆ ಏಳು, ಎಸ್ರು ಇರಲ್ಲ ಅಂತ" ಎಂದಳು.

ಕೋಮಲ ಹೋದಳು. ದೀಪ ಡಿಟಿಪಿ ಅಂಗಡಿಗೆ ಓಡಿ 'ಹುಲಿಕಲ್ಲು, ಊರ ಪಡುವಲ ಹೊಲ, ಧನಗೆರೆ' ಎಂಬ ಚೀಟಿಗಳನ್ನು ಹೊಡೆಸಿ ತಂದಳು. ಹಾಸ್ಟೆಲಿನ ಅಡುಗೆಯವರಿಂದ ಮೈದಾ ಬೇಡಿ ಅಂಟು ಕಾಯಿಸಿದಳು. ಲೈಬ್ರರಿಯ ಜಗಲಿಯಲ್ಲಿ ಇಬ್ಬರೂ ಅಂಟಿಸಲು ಕೂತರು. ಅಂದರೆ ದೀಪ ಕೂತಳು, ಭವ್ಯ ನಿಂತೇ ಅಂಟಿಸಿದಳು. ಚೀಟಿಯ ಕಾಗದ ತೆಳುವಾಗಿತ್ತು. ಅಂಟು ತಾಗಿದ ಕೂಡಲೇ ಅಡಿಯಿಂದ ಕೆಂಪನಂಜಪ್ಪ ಇಣುಕಲು ಶುರುಮಾಡಿದ. ಭವ್ಯ ಚೀಟಿಗಳನ್ನೆಲ್ಲ ಕಿತ್ತುಕೊಂಡು, ದಪ್ಪ ಕಾಗದದಲ್ಲಿ, ಅಗಲವಾಗಿ, ಮತ್ತೆ ಹೊಡೆಸಿಕೊಂಡು ಬಂದಳು.

"ಅಕ್ಕಾ, ಇದು ಚಿತ್ರದ ಮೇಲೂ ಬತ್ತದೆ" ಎಂದಳು ದೀಪ.

"ಬರ್ಲಿ ಬುಡೇ. ಅಂಚು ತಾನೆ. ಎಸ್ರು ಒಂದಕ್ಷರ ಕಾಣ್ಬಾರ್ದು, ಅಷ್ಟೇ."

"ಅಂಚಲ್ಲ ಅಕ್ಕ, ಅಲ್ಲಿ..."

"ದೀಪಾ, ನಾಳೆ ಬಿಡುಗಡೆ. ಬೇಗ ಬೇಗ!"

ಆ ಫೋಟೋ ಹಿಡಿಯಲು ದೀಪ ಇಡೀ ಒಂದು ಸಂಜೆ ಹೊಲದಲ್ಲಿ ಮೊಣಕಾಲೂರಿದ್ದಳು. ಕಲ್ಲಿನ ಗೆರೆಗಳ ಮೇಲೆ ಬಿಸಿಲು ಓರೆಯಾಗಿ ಬೀಳಲೆಂದು ಕೋಮಲ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದಳು. ಇಬ್ಬರೂ ಕಾದದ್ದು ನಾಯಿಯ ಗೆಜ್ಜೆ ಬೆಳಗಲಿ ಎಂದು. ಈಗ ಒಂದೊಂದೇ ಪ್ರತಿಯಲ್ಲಿ ದೀಪ ಆ ಜಾಗಕ್ಕೆ ಅಂಟು ಹಚ್ಚಿ, ಚೀಟಿಯಿಟ್ಟು, ಅಂಗೈಯಿಂದ ಒತ್ತಿದಳು. ಭವ್ಯಕ್ಕನಿಗೆ ಎದುರು ಹೇಳಿ ಗೆದ್ದವರು ಯಾರಿದ್ದಾರೆ.

ಬಿಡುಗಡೆ ಚೆನ್ನಾಗಿಯೇ ಆಯಿತು. ಶಿವಕುಮಾರಸ್ವಾಮಿ ಬಂದು, ಪುಟ ತೆರೆದು, ಚೀಟಿಯ ಮೇಲೆ ಉಗುರಿನಿಂದ ಕೆರೆದು ನೋಡಿ ಸಮಾಧಾನಗೊಂಡ. ಅಣ್ಣನೂ ಬಂದಿದ್ದ. ಇಬ್ಬರೂ ಮೊದಲು ಒಂದೇ ಸಾಲಿನ ಎರಡು ತುದಿಯಲ್ಲಿ ಕೂತಿದ್ದರು. ಭಾಷಣಕಾರರು ಕೋಮಲಳನ್ನು ವೇದಿಕೆಗೆ ಕರೆದು ಹೊಗಳಿದಾಗ, ಫೋಟೋಗೆಂದು ಎದ್ದವರು ಅಕ್ಕಪಕ್ಕ ನಿಂತರು. ಚಿಕ್ಕಪ್ಪ ತನ್ನ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡ. ಭವ್ಯ ಅದನ್ನು ದೂರದಿಂದ ನೋಡಿ, ಗೆದ್ದೆ ಎಂದುಕೊಂಡಳು. ಅಂದುಕೊಂಡ ಮರುಗಳಿಗೆಗೇ ಮುಂದಿನ ಸಂಚಿಕೆಗೆ ಯಾರಿಂದ ಏನು ಬರೆಸುವುದು ಎಂದು ಚಡಪಡಿಸತೊಡಗಿದಳು.

ಪರೀಕ್ಷೆ ಬಂತು. ಕೋಮಲ ಹಾಸ್ಟೆಲಿನಲ್ಲಿ ದೀಪಳ ಜೊತೆಗಿದ್ದು ಓದಿದಳು, ಊರಿಗೆ ಹೋಗಲಿಲ್ಲ. ಕೊನೆಯ ಪೇಪರು ಬರೆದು ಊರಿಗೆ ಹೋದವಳು ಮಾರನೆಯ ಬೆಳಿಗ್ಗೆಯೇ ಭವ್ಯಳಿಗೆ ಫೋನು ಮಾಡಿದಳು. ಅಳು ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಅಕ್ಕ, ಬಾ. ಬರ್ತಾ ಒಂದು ಪ್ರತಿ ತಕಂಡು ಬಾ. ಮನೇಲಿದ್ದುದ್ನ ಅಪ್ಪಾಜಿ ಯಾರಿಗೋ ಕೊಟ್ಟವ್ರೆ" ಎಂದಳು.

ಆಟೋ ಧನಗೆರೆ ಸೇರುವಷ್ಟರಲ್ಲಿ ಭವ್ಯ ದುಪಟ್ಟಾದ ತುದಿಯನ್ನೆಲ್ಲ ಕಚ್ಚಿ ಒದ್ದೆ ಮಾಡಿದ್ದಳು.

ಹೊಲದ ನಡುವೆ ಹೊಸ ಬದು ಬಿದ್ದಿತ್ತು. ಬದುವಿನ ಮೇಲೆ ಕಟ್ಟೆ. ಬಚ್ಚಲಮನೆಗೆ ಹಾಕುವಂಥ ನೀಲಿ ಟೈಲ್ಸು, ಸುತ್ತ ಕಬ್ಬಿಣದ ಸರಳು, ನಡುವೆ ಹುಲಿಕಲ್ಲು. ವೀರನಿಗೆ ಬೆಳ್ಳಿ ಬಣ್ಣದ ಪೇಂಟು, ಹುಲಿಗೆ ಹಳದಿ. ಕಲ್ಲು ಅಲ್ಲಾಡಬಾರದೆಂದು ಕಾಂಕ್ರೀಟು ಧಾರಾಳವಾಗಿ ಹಾಕಿದ್ದರು. ಅದು ವೀರನ ಮೊಣಕಾಲಿನವರೆಗೆ ಬಂದಿತ್ತು. ಹುಲಿಗೆ ಹಿಂಗಾಲಿರಲಿಲ್ಲ. ನಾಯಿ ಇರಲಿಲ್ಲ.

ಕಟ್ಟೆಯ ಪಕ್ಕದಲ್ಲಿ ಅಣ್ಣತಮ್ಮ ಇಬ್ಬರೂ ತಪ್ಪು ಮಾಡಿದ ಹುಡುಗರಂತೆ ನಿಂತಿದ್ದರು. ದೊಡ್ಡಬಸಮ್ಮ ನೆಲದ ಮೇಲೆ ಕೂತಿದ್ದರು, ಮುಂದೆ ಚೆಂಬು, ಬಾಳೆಲೆಯ ಚೂರಿನ ಮೇಲೆ ಹೊಸ ರಾಗಿಯ ಮುದ್ದೆ. ಮನೆಯಲ್ಲಿ ಇನ್ನೂ ಯಾರೂ ಉಂಡಿರಲಿಲ್ಲ.

"ಕಾಲೇಜ್ನಲ್ಲಿ ಅಷ್ಟ್ ಜನದ ಮುಂದೆ ನಮ್ ಕೂಸ್ನ ಒಗಳುದ್ರು. ಕಲ್ಲಿಗೂ ಒಂದ್ ಮರ್ವಾದೆ ಬ್ಯಾಡ್ವಾ ಅಂತ ಇಬ್ರೂ ಕೂತು ಮಾತಾಡ್ದೊ" ಎಂದ ಕೆಂಪನಂಜಪ್ಪ. "ಪಟ್ಟಿ ಸಮಕ್ಕೆ ಸೀಳ್ಕಂಡು, ಬದಿನ್ ಮ್ಯಾಲೆ ಇಬ್ರಿಗೂ ಇರ್ಲಿ ಅಂತ. ಕೂಸು ಬಂದ್ ನೋಡಿ ಕುಸಿಯಾಗ್ಲಿ ಅಂತ."

ಅಯ್ಯೋ, ಜಗಳವಾಡಿಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭವ್ಯಳಿಗೆ. ಲೇಖನ ಬರದೇ ಇದ್ದಿದ್ದರೆ ಕಲ್ಲು ಮಣ್ಣಿನಲ್ಲಿ ಹಾಯಾಗಿ ನಿಂತಿರುತ್ತಿತ್ತು.

"ಒಡ್ಸಕಾಗಲ್ವಾ?" ಎಂದು ಕೇಳಿದಳು.

"ಗಾರೆ ಕೆಲಸದೋರ್ನ ಕೇಳ್ದೆ ಕಣವ್ವ" ಎಂದ ಶಿವಕುಮಾರಸ್ವಾಮಿ. "ಕಾಂಕ್ರೀಟ್ ಒಡುದ್ರೆ ಕಲ್ಲೂ ಜೊತೇಲಿ ಬತ್ತದೆ ಅಂದ್ರು. ನಾಯಿ ಒಳ್ಗೆ ಮುರ್ದದೋ ಎಂಗದೋ ಅದೂ ಗೊತ್ತಿಲ್ಲ. ಅವ್ವ ಬೆಳುಗ್ಗಿಂದ ಏಳ್ತಾ ಇಲ್ಲ. ನಾಯಿ ಎಲ್ರಪ್ಪ ಅಂತ ಒಂದೇ ಮಾತು."

ಕೋಮಲ ಭವ್ಯಳ ಕೈಯಿಂದ ಪತ್ರಿಕೆ ತೆಗೆದುಕೊಂಡಳು. "ಅಜ್ಜಿಗೆ ಮೊಬೈಲ್ನಲ್ಲಿ ನಾಯಿ ತೋರಿಸ್ದೆ ಅಕ್ಕ. ಗಾಜು ಬ್ಯಾಡ, ಕಣ್ ಚುಚ್ತದೆ ಅಂದ್ರು" ಎನ್ನುತ್ತ ಪುಟ ತೆರೆದಳು. ತೆರೆದವಳು ಹಾಗೇ ನಿಂತಳು. ಬಿಡುಗಡೆಯ ದಿನದ ಗಡಿಬಿಡಿಯಲ್ಲಿ, ಆಮೇಲೆ ಪರೀಕ್ಷೆಯ ಓದಿನಲ್ಲಿ, ಚೀಟಿ ಅಂಟಿದ ಮೇಲೆ ಅವಳು ತನ್ನ ಲೇಖನದ ಪುಟವನ್ನು ಸರಿಯಾಗಿ ನೋಡಿರಲೇ ಇಲ್ಲ. ಚಿತ್ರದ ಅಡಿಯಲ್ಲಿ ದಪ್ಪ ಚೀಟಿ, ಬಿಳಿಯಾಗಿ, ಅಗಲವಾಗಿ, ಹುಲಿಯ ಹಿಂಗಾಲಿನ ಮೇಲೆ ಕೂತಿತ್ತು. ಇಲ್ಲೂ ನಾಯಿ ಇರಲಿಲ್ಲ.

ಕೋಮಲ ಭವ್ಯಳ ಕಡೆ ನೋಡಿದಳು, ಅಷ್ಟೇ.

ಭವ್ಯಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇವರು ಗಾರೆಯಲ್ಲಿ ಮಾಡಿದ್ದನ್ನು ತಾನು ಮೈದಾ ಅಂಟಿನಲ್ಲಿ ಮೊದಲೇ ಮಾಡಿ ಮುಗಿಸಿದ್ದಳು, ಅದೂ ಒಂದೊಂದೇ ಪ್ರತಿ ಎತ್ತಿಕೊಂಡು. ಅವಳು ದೊಡ್ಡಬಸಮ್ಮನ ಪಕ್ಕ ನೆಲದಲ್ಲಿ ಕೂತಳು. ಪತ್ರಿಕೆಯನ್ನು ತೊಡೆಯ ಮೇಲೆ ಹರಡಿ, ಚೆಂಬಿಗೆ ಬೆರಳದ್ದಿ, ಚೀಟಿಯ ಮೇಲೆ ನೀರು ಸವರಿದಳು. ಮತ್ತೆ ಸವರಿದಳು. ಎಳೆಯಬೇಕೆಂದು ಬೆರಳು ತುಡಿಯುತ್ತಿತ್ತು. ಎಳೆದರೆ ಚಿತ್ರವೂ ಕಿತ್ತು ಬರುತ್ತದೆ ಎಂದು ತಡೆದುಕೊಂಡಳು. ಅಂಟು ನೆನೆಯುವವರೆಗೆ ಎಲ್ಲರೂ ಕಾದರು. ಚೀಟಿಯ ಒಂದು ಮೂಲೆ ಎದ್ದಿತು. ಅದನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಸರಿಸಿದಳು. ಊರಿದ ಕಾಲು ಬಂತು. ಗೆಜ್ಜೆಪಟ್ಟಿ ಬಂತು. ಕಿವಿ, ಆಮೇಲೆ ಬಾಯಿ.

ಕೆಳಗಿನ ಸಾಲೂ ಬಂತು. ಶಿವಕುಮಾರಸ್ವಾಮಿ ಬಗ್ಗಿ, ಮೆಲುದನಿಯಲ್ಲಿ ಓದಿದ: "ಕೆಂಪನಂಜಪ್ಪನವರ ಹೊಲ."

ಕೆಂಪನಂಜಪ್ಪ ತಲೆ ತಗ್ಗಿಸಿದ. ಜಗಳ ಇನ್ನೊಂದು ಸಲ ಶುರುವಾಗುತ್ತದೆ ಎಂದುಕೊಂಡಳು ಭವ್ಯ.

"ನಮ್ಮ ಹೊಲ ಅಂತ ಬರ್ದಿದ್ದೆ ಚಿಕ್ಕಪ್ಪಾಜಿ ನಾನು" ಎಂದಳು ಕೋಮಲ.

"ಹೌದು ಸಾ. ಹೊಡ್ದಾಕಿದ್ದು ನಾನು" ಎಂದಳು ಭವ್ಯ.

ಅವನು ತಾಯಿಯನ್ನು ನೋಡಿದ. ದೊಡ್ಡಬಸಮ್ಮ ಪುಟದ ಮೇಲೆ ಮುಖ ತಂದು, ಬೆರಳಿನಿಂದ ಸಾಲನ್ನಲ್ಲ, ಗೆಜ್ಜೆಯನ್ನು ತಡವುತ್ತಿದ್ದರು. "ಇಲ್ಲೇ ಅವ್ನೆ ಕನ್ರಪ್ಪ, ಇಲ್ಲೇ ಅವ್ನೆ" ಅನ್ನುತ್ತಿದ್ದರು. ಶಿವಕುಮಾರಸ್ವಾಮಿ ಭವ್ಯಳ ಕಡೆ ತಿರುಗಿದ.

"ಎಷ್ಟ್ ಪುಸ್ತಕಕ್ಕೆ ಅಂಟ್ಸಿದ್ದೀರವ್ವ ಇದ?"

"ಎಲ್ಲಾದ್ಕೂ."

"ಎಲ್ಲಾದ್ರಲ್ಲೂ ಕಿತ್ತಾಕ್ಬುಡಿ" ಎಂದ. "ಯಾರ್ ಎಸ್ರಾರ ಇರ್ಲಿ ಬುಡಿ. ನಾಯಿ ಕಾಣ್ಲಿ."

ದೊಡ್ಡಬಸಮ್ಮ ಮುದ್ದೆಯಿಂದ ಒಂದು ತುತ್ತು ಮುರಿದರು. ಅದನ್ನು ಬೆರಳ ತುದಿಯಲ್ಲಿ ಉಂಡೆ ಮಾಡಿ, ಒದ್ದೆ ಪುಟದ ಮೇಲೆ ನಾಯಿಯ ಬಾಯಿಗೆ ತಂದು ಮೆತ್ತಿದರು. ರಾಗಿಯ ತೇವ ಕಾಗದದಲ್ಲಿ ಹರಡತೊಡಗಿತು. ಪುಟದ ಮೂಲೆ ಮಡಿಸಿದರೂ ಬೈಯುವ ಸಂಪಾದಕಿಯ ಕೈ ತಾನಾಗಿಯೇ ದುಪಟ್ಟಾ ಎತ್ತಿಕೊಂಡು ಒರೆಸಲು ಮುಂದೆ ಹೋಯಿತು.

ಮುದುಕಿ ಆ ಕೈಯನ್ನು ಹಿಡಿದುಕೊಂಡರು.

"ಒರುಸ್ಬ್ಯಾಡ ಕನವ್ವ. ಉಣ್ಲಿ."